ಹಸಿರು ರಿಬ್ಬನ್ನಿನ ಫ್ರೆಂಚ್ ರೋಲ್

ಬಸ್ ಸ್ಟಾಪಿನಲ್ಲಿ ಮುಂದೆ ನಿಂತಿದ್ದ ಹೆಂಗಸಿನ ಹಿಂದಲೆ ನೋಡಿ ಅಕ್ಕ ಇನ್ನಷ್ಟು ಹತ್ತಿರ ಸರಿದಳು. ಫ್ರೆಂಚ್ ರೋಲ್. ಕೂದಲನ್ನೆಲ್ಲ ಒಂದು ಪಕ್ಕಕ್ಕೆ ಬಾಚಿ, ತಲೆಯ ಹಿಂದೆ ನಡುವಿನಲ್ಲಿ ಪಿನ್ನುಗಳ ಬೇಲಿ ಕಟ್ಟಿ, ಕೂದಲನ್ನು ಆ ಬೇಲಿಯ ಮೇಲೆ ಸುರುಳಿ ಸುತ್ತಿ ತುದಿಯನ್ನು ಒಳಗೆ ಬಚ್ಚಿಡುವುದು. ಅದನ್ನು ಯಾರು ಬೇಕಾದರೂ ಸುತ್ತಬಹುದು. ಆದರೆ ಸಡಿಲಾದ ಸುರುಳಿಯ ಕೆಳಗೆ ಇಣುಕುತ್ತಿದ್ದ ಪಿನ್ನುಗಳು ಗುಣಾಕಾರದ ಗುರುತಿನಂತೆ ಅಡ್ಡಡ್ಡ ಇದ್ದವು. ಅದು ಅಕ್ಕನ ಸ್ವಂತ ಬೇಲಿ. ಅವಳ ಪಾರ್ಲರಿನಲ್ಲಿ ಎಂಟು ವರ್ಷದಿಂದ ಪಕ್ಕದ ಕುರ್ಚಿ ನೋಡಿಕೊಳ್ಳುತ್ತಿದ್ದ ತಂಗಿಯನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

"ಚೆನ್ನಾಗಿದೆ, ಎಲ್ಲಿ ಹಾಕಿಸಿದ್ರಿ?"

"ಅಲ್ಲೇ, ಗಾಜಿನ ಬಾಗಿಲಿನ ಪಾರ್ಲರ್ ಇದೆಯಲ್ಲ."

ಅದು ಅಕ್ಕನ ಪಾರ್ಲರಿನ ಎದುರಿಗೇ ಹೊಸದಾಗಿ ತೆರೆದದ್ದು.

ಅಂದಿನಿಂದ ಅಕ್ಕನ ಕಣ್ಣಿಗೆ, ತಂಗಿ ಆಕಳಿಸಿದರೆ, ಅಲ್ಲಿ ದುಡಿದು ಸುಸ್ತು. ಆಕಳಿಸದಿದ್ದರೆ, ಅಲ್ಲೇ ಕಾಫಿ ಕುಡಿದು ಬಂದಿದ್ದಾಳೆ. ಗಂಡ ನಕ್ಕ. "ನಿನ್ನ ಒಡಹುಟ್ಟಿದವಳು ಕಣೇ."

"ಹಿತ್ತಲ ಬಾಗಿಲಿನ ಚಿಲಕ ಎಲ್ಲಿದೆ ಅಂತ ಗೊತ್ತಿರೋದೂ ಒಡಹುಟ್ಟಿದವರಿಗೇ ಅಲ್ವಾ? ಅವಳೂ ಹೋದ್ರೆ ನನಗೆ ಇನ್ಯಾರಿದಾರೆ ಹೇಳಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮರುದಿನ ಅಕ್ಕ ತಂಗಿಯನ್ನು ಪಕ್ಕಕ್ಕೆ ಕರೆದಳು.

"ಬಾರೇ, ಯಾರಿಗೂ ಹೇಳದ ಗುಟ್ಟು. ಸುತ್ತೋ ಮೊದಲು ಒಳಗೆ ಒಂದು ತುಂಡು ಹಸಿರು ರಿಬ್ಬನ್ ಇಡು. ಸುರುಳಿ ಸಂಜೆವರೆಗೂ ಜಾರಲ್ಲ."

ಹಸಿಹಸಿ ಸುಳ್ಳು. ತಂಗಿಯ ಕಣ್ಣು ಮಾತ್ರ ನಿಜವಾಗಿಯೂ ಹಸಿಯಾಯಿತು.

"ಇಷ್ಟು ದಿನ ನಾನೇ ನೋಡಿ ನೋಡಿ ಕಲಿತಿದ್ದು. ನೀನಾಗೇ ಕರೆದು ಹೇಳಿಕೊಟ್ಟಿದ್ದು ಇದೇ ಮೊದಲು ಅಕ್ಕ."

ಆಹಾ, ಏನು ನಾಟಕ ಎಂದುಕೊಂಡಳು ಅಕ್ಕ.

ಒಂಬತ್ತನೆಯ ದಿನ ಔಷಧಿ ಅಂಗಡಿಯ ಮುಂದೆ ನಿಂತಿದ್ದಾಗ, ಗಾಜಿನ ಬಾಗಿಲು ತಳ್ಳಿಕೊಂಡು ಒಂದು ತಲೆ ಹೊರಗೆ ಬಂತು. ಸುರುಳಿಯ ತುದಿಯಲ್ಲಿ ಹಸಿರು. ಅಕ್ಕ ಮಾತ್ರೆ ಮರೆತು ಪಾರ್ಲರಿಗೆ ಓಡಿದಳು. ತಂಗಿ ಹಳೆಯ ಗಿರಾಕಿ ಲಾಯರಮ್ಮನಿಗೆ ರೋಲ್ ಹಾಕುತ್ತಿದ್ದಳು.

"ಸಿಕ್ಕಿಬಿದ್ಯಲ್ಲೇ! ರಿಬ್ಬನ್ನಿನ ವಿಷಯ ನಿನಗೊಬ್ಬಳಿಗೇ ಹೇಳಿದ್ದು. ಎದುರಿನವಳ ಗಿರಾಕಿ ತಲೆಗೆ ಹೇಗೆ ಹೋಯ್ತು? ಕಾಲು ಬಂದು ನಡ್ಕೊಂಡು ಹೋಯ್ತಾ?"

ಉತ್ತರ ಕೊಟ್ಟವಳು ಲಾಯರಮ್ಮ.

"ನಡ್ಕೊಂಡೇ ಹೋಯ್ತು ಕಣ್ರೀ, ನನ್ನ ತಲೆ ಮೇಲೆ! ಹೋದ ವಾರ ಬಿಚ್ಚಿಸೋಕೆ ಬಂದೆ, ನೀವು ಬಾಗಿಲು ಹಾಕಿದ್ರಿ. ಎದುರಿಗೆ ಹೋದೆ. ಆಯಮ್ಮ ಒಂದೊಂದೇ ಪಿನ್ನು, ಒಳಗಿದ್ದ ರಿಬ್ಬನ್ ಎಲ್ಲ ತೆಗೆದು ಟವೆಲ್ ಮೇಲೆ ಸಾಲಾಗಿಟ್ಟು ಚಿತ್ರ ಬರ್ಕೊಂಡ್ಳು. 'ಬಿಚ್ಚಿಕೊಡುವುದು ಉಚಿತ' ಅಂತ ಮೊದಲ ದಿನದಿಂದ ಬೋರ್ಡೇ ಹಾಕಿದಾಳಲ್ಲ, ನೋಡಿಲ್ವಾ?"

ಅಕ್ಕ ನೋಡಿರಲಿಲ್ಲ. ಇಷ್ಟು ದಿನವೂ ಅವಳು ನೋಡಿದ್ದು ತಂಗಿಯನ್ನೇ.

"ಅಯ್ಯೋ, ಅಷ್ಟೇನಾ..." ಎಂದು ಉಸಿರುಬಿಟ್ಟಳು. ತಂಗಿ ಬಿಡಲಿಲ್ಲ.

"ಅಕ್ಕ, ರಿಬ್ಬನ್ ಇಟ್ರೆ ಜಾರಲ್ಲ ಅಂದಿದ್ದು?"

"ಅದು... ಇಟ್ರೂ ಅಷ್ಟೇ, ಬಿಟ್ರೂ ಅಷ್ಟೇ. ಸುಮ್ನೆ, ನಿನ್ನನ್ನ ಒಂದ್ಸಲ ನೋಡೋಣ ಅಂತ..."

"ನೋಡಿದ್ಯಾ?"

ತಂಗಿ ಲಾಯರಮ್ಮನ ಸುರುಳಿಯನ್ನು ಒಂದು ಎಳೆ ಕೂದಲೂ ಹೊರಗೆ ಬಾರದಂತೆ ಮುಗಿಸಿ, ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದಳು.

"ಎಲ್ಲಿಗೇ?"

"ಮನೆಗೆ. ಊಟಕ್ಕೆ."

ಮನೆಯ ದಾರಿ ಎಡಕ್ಕೆ. ತಂಗಿ ಎಡಕ್ಕೇ ತಿರುಗಿ ಹತ್ತು ಹೆಜ್ಜೆ ಹಾಕಿದ್ದಳು. ನಿಜವಾಗಿ ಊಟಕ್ಕೇನಾ ಎಂದು ಅಕ್ಕ ಹೊಸ್ತಿಲಿಗೆ ಬಂದು ಕತ್ತು ಉದ್ದ ಮಾಡಿದಳು. ಅದೇ ಹೊತ್ತಿಗೆ ತಂಗಿ ಹಿಂದಿರುಗಿ ನೋಡಿದಳು. ಅಕ್ಕನನ್ನೂ ಆ ಚಾಚಿದ ಕತ್ತನ್ನೂ ಕಂಡಳು.

ಒಂದು ಸ್ಕೂಟರ್ ಹಾದುಹೋಗುವವರೆಗೆ ಕಾದಳು. ಆಮೇಲೆ ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿದಳು.