ನೆರಳಿಗೆ ಯಾರು ನಿಲ್ತೀರಿ?

ಚಿಕ್ಕಂದಿನಲ್ಲಿ ಗೋಡೆ, ಬಾಗಿಲು, ದೊಡ್ಡಪ್ಪನ ಬಿಳಿ ಅಂಗಿ ಯಾವುದನ್ನೂ ಬಿಡದೆ ಗೀಚಿದ್ದಕ್ಕೆ ಮನೆಯವರು ಅವಳಿಗೆ ಇಟ್ಟ ಹೆಸರು ಗೀಚಮ್ಮ. ಈಗ ಅವಳು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಪೆನ್ನಾಡಿಸಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ. ಟ್ಯಾಬ್ಲೆಟ್ಟಿನಲ್ಲಿ ಎಂಥ ತಪ್ಪನ್ನೂ ಅಳಿಸಬಹುದು, ಮನೆಯವರ ಬಾಯಲ್ಲಿ ಕೂತ ಹೆಸರನ್ನು ಅಳಿಸುವುದಕ್ಕೆ ಯಾವ ಗುಂಡಿಯೂ ಇಲ್ಲ.

ಅಜ್ಜಿಗೆ ಎಂಬತ್ತು ತುಂಬುವ ದಿನಕ್ಕೆ ಇಡೀ ಮನೆಯ ಚಿತ್ರ ಬರೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡಬೇಕೆಂದು ಗೀಚಮ್ಮ ಹಟ ತೊಟ್ಟಿದ್ದಳು. ಮನೆಯ ಯಾವ ಫೋಟೋ ತೆಗೆದರೂ ಅಜ್ಜಿ ಸಿಗುವುದು ಯಾರದೋ ಭುಜದ ಹಿಂದೆ. ಒಂದರಲ್ಲಿ ಅರ್ಧ ಕಿವಿ, ಇನ್ನೊಂದರಲ್ಲಿ ಬರೀ ಸೆರಗು. ಒಂದೇ ಒಂದು ಚಿತ್ರದಲ್ಲಾದರೂ ನೋಡಿದವರ ಕಣ್ಣು ಮೊದಲು ಅಜ್ಜಿಯ ಮೇಲೆ ಬೀಳಬೇಕು. ಅಜ್ಜಿ ಎಂದರೆ ಅವಳಿಗೆ ಅಷ್ಟು ಪ್ರಾಣ.

ಅದಕ್ಕೇ ಬಣ್ಣ ಮುಟ್ಟುವ ಮೊದಲು ಕಪ್ಪು, ಬೂದು, ಬಿಳಿ ಮೂರರಲ್ಲೇ ಚಿತ್ರ ಕಟ್ಟಿದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅಜ್ಜಿ, ಮುಖದ ತುಂಬ ಬೆಳಕು. ಹಿಂದೆ ನಿಂತ ದೊಡ್ಡಪ್ಪ, ಅತ್ತೆ, ಅಮ್ಮ ಮೂವರೂ ಗೋಡೆಯೂ ನೆರಳಲ್ಲಿ. ಕಡುಗಪ್ಪಿನ ಪಕ್ಕ ಬಿಳುಪು ಎಲ್ಲಿದೆಯೋ ಕಣ್ಣು ಅಲ್ಲಿಗೇ ಓಡುತ್ತದೆ, ಇದು ಚಿತ್ರ ಬರೆಯುವವರೆಲ್ಲ ಬಲ್ಲ ಮಾತು. ನೆರಳಲ್ಲಿ ನಿಂತವರಿಗೆ ಅದನ್ನು ಹೇಳುವವರು ಯಾರು? ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ದೊಡ್ಡಪ್ಪ ಬೆನ್ನ ಹಿಂದೆ ಬಂದು ನಿಂತರು. ಡ್ರೈವಿಂಗ್ ಸ್ಕೂಲ್ ನಡೆಸುವ ಅವರು ಅದರ ಬೋರ್ಡಿನ ಮೇಲೆ ಕಾರಿಗಿಂತ ದೊಡ್ಡದಾಗಿ ತಮ್ಮ ಮುಖ ಹಾಕಿಸಿಕೊಂಡವರು.

"ಏನೇ ಇದು, ನನ್ನ ಮುಖಕ್ಕೆ ಮಸಿ ಬಳಿದಿದೀಯಲ್ಲೇ!"

"ಮಸಿ ಅಲ್ಲ ದೊಡ್ಡಪ್ಪ, ನೆರಳು."

"ನೆರಳಾದ್ರೆ ಮರದ ಕೆಳಗೆ ಹಾಕು. ನನ್ನ ಮೀಸೆ ಕಾಣ್ಬೇಕು."

ಹಿರಿಯರ ಮಾತು, ತೆಗೆದುಹಾಕುವಂತಿಲ್ಲ. ಗೀಚಮ್ಮ ಅವರಿಗೊಂದಿಷ್ಟು ಬೆಳಕು ಕೊಟ್ಟಳು. ಅಣ್ಣನಿಗೆ ಸಿಕ್ಕಿದ್ದು ತಂಗಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಬ್ಯೂಟಿ ಪಾರ್ಲರ್ ಇಟ್ಟುಕೊಂಡಿರುವ ಅತ್ತೆ ಬಂದು ಹೌಹಾರಿದಳು. "ನನ್ನ ಮುಖ ನೋಡಿ ಗಿರಾಕಿಗಳು ಬರೋದು ಕಣೇ. ಹೀಗೆ ಕಂಡ್ರೆ ಅಂಗಡಿ ಬಾಗಿಲು ಹಾಕ್ಬೇಕಷ್ಟೇ!" ಅತ್ತೆಗೂ ಬೆಳಕಾಯಿತು. ಕೊನೆಗೆ ಅಮ್ಮ. "ನನಗೇನೂ ಬೇಡಮ್ಮ, ಗಲ್ಲದ ಕೆಳಗಿನ ನೆರಳೊಂದು ತೆಗಿ, ಎರಡು ಗಲ್ಲ ಇದ್ದಂಗೆ ಕಾಣುತ್ತೆ." ಗಲ್ಲ ಆದಮೇಲೆ ಕೆನ್ನೆ, ಕೆನ್ನೆ ಆದಮೇಲೆ ಹಣೆ. ಏನೂ ಬೇಡ ಎನ್ನುವವರಿಗೇ ಬೇಕಾದ್ದು ಜಾಸ್ತಿ.

ಹಿಂದಿನವರು ಬೆಳಗಿದಷ್ಟೂ ಅಜ್ಜಿ ಮಂಕಾದಳು. ಗೀಚಮ್ಮ ಅಜ್ಜಿಗೆ ಇನ್ನಷ್ಟು ಬಿಳುಪು ಕೊಟ್ಟಳು, ಮತ್ತಷ್ಟು ಕೊಟ್ಟಳು. ಬಿಳಿಗಿಂತ ಬಿಳಿ ಎಂಬುದು ಎಲ್ಲಿಂದ ಬರಬೇಕು? ಸುಕ್ಕುಗಳು ಹೋದವು, ಮೂಗೂ ಮಾಯವಾಯಿತು. ಅನುಮಾನ ಬಂದು ಚಿತ್ರದ ಬಣ್ಣವನ್ನೆಲ್ಲ ಒಮ್ಮೆ ತೆಗೆದು ನೋಡಿದಳು. ಸೀರೆ ಕೆಂಪು, ಪರದೆ ಹಸಿರು, ಗೋಡೆ ಹಳದಿ ಎಂದು ಮೆರೆಯುತ್ತಿದ್ದದ್ದೆಲ್ಲ ಒಂದೇ ಒಲೆಯ ಬೂದಿಯಂತೆ ಕೂತಿತ್ತು. ಗೀಚಮ್ಮನಿಗೆ ಅಳುವೇ ಬಂತು. ಅಳು ಮುಗಿದ ಮೇಲೆ ಸಿಟ್ಟು ಬಂತು.

ಅಜ್ಜಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಮೂವರನ್ನೂ ಕರೆದು, ಬಣ್ಣವಿಲ್ಲದ ಆ ಚಿತ್ರವನ್ನು ಮುಂದೆ ಹಿಡಿದಳು.

"ಇದ್ರಲ್ಲಿ ಅಜ್ಜಿ ಎಲ್ಲಿದಾಳೆ, ಬೆರಳಿಟ್ಟು ತೋರ್ಸಿ."

ದೊಡ್ಡಪ್ಪ ಕನ್ನಡಕ ಏರಿಸಿ ಬೆರಳಿಟ್ಟದ್ದು ಪರದೆಯ ಮೇಲೆ. ಅತ್ತೆ ತೋರಿಸಿದ್ದು ಅಮ್ಮನನ್ನು. ಅಮ್ಮ ತಪ್ಪಾದೀತೆಂದು ಕೈಯನ್ನೇ ಎತ್ತಲಿಲ್ಲ.

"ಎಲ್ರೂ ಬೆಳಕಿಗೆ ಬಂದ್ರೆ ಬೆಳಕೇ ಇರಲ್ಲ," ಎಂದಳು ಗೀಚಮ್ಮ. "ಅಜ್ಜಿ ಕಾಣ್ಬೇಕಂದ್ರೆ ಯಾರಾದ್ರೂ ನೆರಳಿಗೆ ಹೋಗ್ಬೇಕು. ಯಾರು ಹೋಗ್ತೀರಿ?"

ದೊಡ್ಡಪ್ಪ ಮೀಸೆ ತಿರುವಿದರು.

"ಅಮ್ಮನಿಗೋಸ್ಕರ ತಾನೇ? ಹಾಕು ನನ್ನ ನೆರಳಿಗೆ."

"ಅಣ್ಣನಿಗಿಂತ ನಂಗೆ ಒಂದು ಕೈ ಜಾಸ್ತಿ ಹಾಕು," ಎಂದಳು ಅತ್ತೆ. "ಅಮ್ಮನ ಮುದ್ದಿನ ಮಗಳು ನಾನು."

"ಸೊಸೆ ಅಂತ ನನ್ನ ಬಿಟ್ಬಿಡ್ತೀರಾ? ನನ್ನ ಪೂರ್ತಿ ಕಪ್ಪು ಮಾಡೇ!" ಎಂದಳು ಅಮ್ಮ.

ನಿನ್ನೆಯವರೆಗೆ ಬೆಳಕಿಗೆ ಬಡಿದಾಡಿದವರು ಈಗ ಕತ್ತಲಿಗೆ ಬಡಿದಾಡತೊಡಗಿದರು. ಇವರಿಗೆ ಯಾವುದರಲ್ಲೂ ಅಳತೆ ಎಂಬುದಿಲ್ಲ. "ಸುಮ್ನಿರಿ," ಎಂದು ಗೀಚಮ್ಮ ಗದರಿದಳು. "ನೀವೆಲ್ಲ ಪೂರ್ತಿ ಕಪ್ಪಾದ್ರೆ ಅಜ್ಜಿ ಖಾಲಿ ಮನೇಲಿ ಕೂತಂಗಿರುತ್ತೆ." ಒಬ್ಬೊಬ್ಬರಿಗೂ ಅವರವರ ನೆರಳನ್ನು ಅಳೆದು ಕೊಟ್ಟಳು. ಕಿಟಕಿಯ ಬೆಳಕಿನ ಒಂದೆಳೆಯನ್ನು ಅಮ್ಮನ ಕೆನ್ನೆಗೆ, ಒಂದನ್ನು ಅತ್ತೆಯ ಹಣೆಗೆ ಹಚ್ಚಿದಳು. ದೊಡ್ಡಪ್ಪನ ಮೀಸೆಯ ತುದಿಗೆ ಸಿಕ್ಕಿದ್ದು ಒಂದು ಚುಕ್ಕೆ. ಅಜ್ಜಿಯ ಬಿಳುಪನ್ನಂತೂ ತಗ್ಗಿಸಿಯೇಬಿಟ್ಟಳು. ಮೂಗು ಬಂತು, ಸುಕ್ಕುಗಳು ಬಂದವು. ಆದರೂ ಮುಖ ಮೊದಲಿಗಿಂತ ಬೆಳಗುತ್ತಿತ್ತು, ಸುತ್ತ ಅಷ್ಟು ನೆರಳಿತ್ತಲ್ಲ.

ಹುಟ್ಟಿದ ದಿನ ಅಜ್ಜಿಯೇ ಪೊಟ್ಟಣ ಬಿಚ್ಚಿದಳು. ತುಂಬ ಹೊತ್ತು ಚಿತ್ರವನ್ನೇ ನೋಡಿದಳು. ಆಮೇಲೆ ಹಿಂದಿನ ಸಾಲಿನ ಮೇಲೆ ಬೆರಳಾಡಿಸಿದಳು. "ಇವ್ನು ದೊಡ್ಡವ್ನು. ಇವ್ಳು ಮಗ್ಳು. ಇವ್ಳು ಸೊಸೆ." ಬೆರಳು ಅವರ ಭುಜಗಳ ಹಿಂದಿನ ಕತ್ತಲಲ್ಲಿ ತಡಕಾಡಿತು. "ನಾನೆಲ್ಲಿದೀನೇ?"

ಗೀಚಮ್ಮ ಅಜ್ಜಿಯ ಬೆರಳನ್ನು ಹಿಡಿದು ಮುಂದಕ್ಕೆ ತಂದಳು. "ಕುರ್ಚೀಲಿ ಕೂತಿರೋದು ಯಾರಜ್ಜಿ?"

ಅಜ್ಜಿ ಚಿತ್ರವನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಇದು ನಾನಾ? ಬಿಚ್ಚಿದ ತಕ್ಷಣ ಮೊದ್ಲು ಕಂಡಿದ್ದೇ ಈ ಕುರ್ಚಿಯವ್ರು ಕಣೇ. ಯಾರೋ ದೊಡ್ಡ ಮನುಷ್ಯರು ಮನೆಗೆ ಬಂದಿದಾರೆ, ಅದಕ್ಕೇ ನೀವೆಲ್ಲ ಮರ್ಯಾದೆಯಿಂದ ಹಿಂದೆ ನಿಂತಿದೀರಿ ಅಂದ್ಕೊಂಡೆ."

"ಸರಿಯಾಗೇ ಅಂದ್ಕೊಂಡಿದೀಯ ಬಿಡಮ್ಮ," ಎಂದರು ದೊಡ್ಡಪ್ಪ.