ಮೊದಲೇ ಬರೆದ ವರದಿ

ಕುವೈಟಿನ ಮಂಗಳೂರಿಗರ ಕಾರ್ಯಕ್ರಮಗಳ ವರದಿಯನ್ನು ರುಡಾಲ್ಫ್ ಕಾರ್ಯಕ್ರಮಕ್ಕೆ ಮುಂಚೆಯೇ ಬರೆದುಬಿಡುತ್ತಿದ್ದ. ಅದರಲ್ಲಿ ಅವನಿಗೆ ತಪ್ಪು ಕಂಡಿರಲಿಲ್ಲ. ಅತಿಥಿ ದೀಪ ಬೆಳಗುವುದು, ಪ್ರಾಯೋಜಕರಿಗೆ ಹೂಗುಚ್ಛ, ಹಾಡಿದವರು ಕೋಗಿಲೆ ಕಂಠದಿಂದ ಮನಸೂರೆಗೊಳ್ಳುವುದು, ಇವೆಲ್ಲ ತಪ್ಪಿದ್ದು ಯಾವಾಗ? ಪರದೆ ಬೀಳುವಷ್ಟರಲ್ಲಿ ಸುದ್ದಿ ಜಾಲತಾಣದಲ್ಲಿರಬೇಕು ಎಂಬುದು ಅದನ್ನು ನಡೆಸುವ ಪಾಯಸ್‌ನ ಹಟ.

ಆ ಶುಕ್ರವಾರ ಎಗೈಲಾದ ಶಾಲೆಯೊಂದರಲ್ಲಿ ಯುರೋಪಿನವರ ಹವ್ಯಾಸಿ ತಂಡದ ಒಪೆರಾ ಇತ್ತು. ಕಡಲಿಗೆ ಹೋದ ಮಗನಿಗಾಗಿ ಕಾಯುವ ತಾಯಿಯ ಪಾತ್ರ, ಜಹ್ರಾದ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿದ್ದ ಮಂಗಳೂರಿನ ಕ್ಯಾಥರಿನ್‌ಗೆ ಸಿಕ್ಕಿತ್ತು. ಅವಳದು ಮೆಜೊ-ಸೊಪ್ರಾನೊ, ಎತ್ತರಕ್ಕೆ ಹಾರದೆ ಎದೆಯ ಹತ್ತಿರವೇ ನಿಲ್ಲುವ ಹೆಣ್ಣು ದನಿ. ಚರ್ಚಿನ ಗಾಯನವೃಂದದ ಹಿಂದಿನ ಸಾಲಿನಲ್ಲಿ ಹನ್ನೊಂದು ವರ್ಷ ಆ ದನಿ ಬೇರೆಯವರ ದನಿಗೆ ಆಸರೆಯಾಗಿತ್ತು. ಮುಂದಿನ ವಾರ ಅವಳು ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಮಾಡಿಸಿ ಊರಿಗೆ ಹೊರಡುವವಳು.

“ರುಡಾಲ್ಫ್ ಬಾಬ್, ನನಗೆ ಇದೇ ಮೊದಲು, ಇದೇ ಕೊನೆ,” ಎಂದಿದ್ದಳು, ಕೊಂಕಣಿಯ ಮರ್ಯಾದೆಯ ‘ಬಾಬ್’ ಬಿಡದೆ. “ಹೇಗಾಯ್ತು ಅಂತ ಬರೀರಿ. ಚಂದ ಆಗದಿದ್ರೆ ಹಾಗೇ ಬರೀರಿ. ತಗೊಂಡು ಹೋಗ್ಲಿಕ್ಕೆ ಅದೊಂದೇ ಉಂಟು.”

ಅವನು ಹೂಂ ಎಂದು, ಮಧ್ಯಾಹ್ನವೇ ವರದಿ ಕಳಿಸಿ, ಸಂಜೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತ.

ರಂಗದ ಮೇಲೆ ದೋಣಿ ಮಗನಿಲ್ಲದೆ ಮರಳಿತು. ವಾದ್ಯಗಳು ನಿಂತವು. ಕ್ಯಾಥರಿನ್ ಬಾಯಿ ತೆರೆದಳು, ಹಾಡಲಿಲ್ಲ. ಮರೆತಳೇನೋ ಎಂದು ರುಡಾಲ್ಫ್ ಕುರ್ಚಿಯ ತುದಿಗೆ ಸರಿದ. ಇಡೀ ಸಭಾಂಗಣದಲ್ಲಿ ಎಸಿಯ ಗುಂಯ್‌ಗುಡುವಿಕೆ ಮಾತ್ರ. ಆಮೇಲೆ ಆ ದನಿ, ಮಗ ಪಕ್ಕದ ಕೋಣೆಯಲ್ಲೇ ಮಲಗಿದ್ದಾನೆಂಬಂತೆ, ತಗ್ಗಿಸಿಕೊಂಡು ಅವನ ಹೆಸರು ಕರೆಯಿತು.

ಅಷ್ಟರಲ್ಲಿ ರುಡಾಲ್ಫ್‌ನ ಜೇಬಿನಲ್ಲಿ ಮೊಬೈಲ್ ಅದುರಿತು. ವರದಿ ಪ್ರಕಟವಾಗಿತ್ತು.

ಬೆಳಿಗ್ಗೆ ಕ್ಯಾಥರಿನ್ ಫೋನ್ ಮಾಡಿದಳು. “ಕೋಗಿಲೆ ಅಂತ ಓದಿದೆ. ನಿಮಗೆ ಬರ್ಲಿಕ್ಕೆ ಆಗ್ಲಿಲ್ಲ ಅಂತ ಗೊತ್ತಾಯ್ತು. ಪರ್ವಾಗಿಲ್ಲ.”

ಬಂದಿದ್ದೆ ಎನ್ನದೆ ಅವನು ಫೋನ್ ಇಟ್ಟ. ಇಡೀ ದಿನ ಕುಳಿತು ಹೊಸದಾಗಿ ಬರೆದು ಪಾಯಸ್‌ಗೆ ಕೊಟ್ಟ.

“ಎಂತದು ಮಾರಾಯ? ಕೋಗಿಲೆಗೆ ಜ್ವರವಾ?”

“ಅದು ಕೇಳುವ ಮೊದಲು ಬರೆದದ್ದು.”

“ನೀನು ಕೇಳಿ ಬರೆದದ್ದು ಯಾವಾಗ?” ಪಾಯಸ್ ನಕ್ಕ. ಓದುತ್ತ ಹೋದಂತೆ ನಗು ನಿಂತಿತು. “ಅತಿಥಿ ಇಲ್ಲ, ಪ್ರಾಯೋಜಕರಿಲ್ಲ, ಬರೀ ಅವಳೊಬ್ಬಳೇ. ಇದನ್ನು ಹಾಕಿದ್ರೆ ನನ್ನ ಕಥೆ ಖಲಾಸ್.”

ರುಡಾಲ್ಫ್ ತನ್ನ ಆಫೀಸಿನಲ್ಲಿ ಒಂದು ಪ್ರತಿ ತೆಗೆದು, ಮಂಗಫ್‌ನ ಅವಳ ಫ್ಲ್ಯಾಟಿಗೆ ಒಯ್ದ. ನೆಲದ ಮೇಲೆ ಪೆಟ್ಟಿಗೆಗಳು ಬಾಯಿ ತೆರೆದು ಬಿದ್ದಿದ್ದವು. ಕ್ಯಾಥರಿನ್ ನಿಂತೇ ಓದಿದಳು:

‘ಹಾಡುವವರನ್ನು ಹಾಡಿನಿಂದ ಅಳೆಯುತ್ತೇವೆ. ಕ್ಯಾಥರಿನ್ ಏಳು ಸೆಕೆಂಡು ಹಾಡದೆ ನಿಂತರು. ಆ ತಾಯಿಗೆ ಸುದ್ದಿ ತಲುಪಿದ್ದು ಆಗ, ನಮಗೂ ಆಗಲೇ. ಇಂಥ ತಗ್ಗಿದ ದನಿಯನ್ನು ನಾವು ಹನ್ನೊಂದು ವರ್ಷ ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದೆವು.’

ಅವಳು ಇನ್ನೊಮ್ಮೆ ಓದಿದಳು.

“ಬಂದಿದ್ರಿ,” ಎಂದಳು.

“ಕೊನೆಯ ಸಾಲಿನಲ್ಲಿದ್ದೆ.”

“ಏಳಲ್ಲ ಬಾಬ್, ಒಂಬತ್ತು. ನಾನು ಎಣಿಸ್ತಾ ಇದ್ದೆ.”

ರುಡಾಲ್ಫ್ ಜೇಬಿನಿಂದ ಪೆನ್ನು ತೆಗೆದು, ಏಳನ್ನು ಹೊಡೆದು ಒಂಬತ್ತು ಎಂದು ಬರೆದುಕೊಟ್ಟ.