ಜಾಡಿಯೊಳಗಿನ ನೀರಡಿಕೆ

ನಾನು ಕದ್ದ ಮಾಲು. ಮನಿ ಪ್ಲಾಂಟನ್ನು ಕದ್ದು ತಂದರಷ್ಟೇ ಮನೆಗೆ ಒಳ್ಳೆಯದು ಎಂದು ನಂಬಿದ್ದ ಹುಬ್ಬಳ್ಳಿಯ ನೀಲವ್ವ, ಬೀಗರ ಮನೆಯಲ್ಲಿ ಊಟ ಮುಗಿಸಿ ಹೊರಡುವಾಗ ಅವರ ಬಾಗಿಲ ಬಳ್ಳಿಯಿಂದ ನನ್ನನ್ನು ಚಿವುಟಿ ಸೆರಗಿನಲ್ಲಿ ಸುತ್ತಿಕೊಂಡಳು. ನಾನು ಹುಟ್ಟಿದ್ದು ಹೀಗೆ. ಬಾಯಿ ಒಡೆದ ಉಪ್ಪಿನಕಾಯಿ ಜಾಡಿಯೇ ನನ್ನ ತೊಟ್ಟಿಲು. ಅದರ ತಳಕ್ಕೆ ತೂತಿಲ್ಲವೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನೀಲವ್ವನದು ಬಿಗಿ ಕೈ; ಲೋಟದಲ್ಲಿ ಉಳಿದ ಗುಟುಕನ್ನಷ್ಟೇ ನನಗೆ ಹಾಕುತ್ತಿದ್ದಳು. ಅಷ್ಟರಲ್ಲೇ ನಾನು ಕಿಟಕಿಯ ಸರಳು ಹತ್ತಿದೆ.

ಆಮೇಲೆ ಅವಳ ಕಿಡ್ನಿ ಕೈಕೊಟ್ಟಿತು. ಮೈ ಊದಿ, ಮಂಚ ನನ್ನ ಕಿಟಕಿಯ ಪಕ್ಕಕ್ಕೆ ಬಂತು. ದಿನಕ್ಕೆ ಒಂದು ಚಿಕ್ಕ ತಂಬಿಗೆ ನೀರು, ಒಂದು ಹನಿಯೂ ಹೆಚ್ಚಿಗೆ ಕೊಡಕೂಡದು ಎಂದರು ಡಾಕ್ಟರು. ಅಳೆದು ಕೊಡುವ ಪಾಪದ ಕೆಲಸ ಸೊಸೆ ಶಕುಂತಲಾಳ ಪಾಲಿಗೆ ಬಂತು.

"ಶಕ್ಕು, ಒಂದ ಗುಟುಕ ಕೊಡವ್ವಾ. ಗಂಟಲ ಒಣಗೇತಿ."

"ಸಂಜಿಗೆ ಕೊಡ್ತೇನ್ರಿ ಅತ್ತಿ. ಡಾಕ್ಟರ್ ಬೈತಾರ."

ಮಟಮಟ ಮಧ್ಯಾಹ್ನ ಅದು. ನೀಲವ್ವ ಸಂಜೆಯವರೆಗೆ ಕಾಯಲಿಲ್ಲ.

ಅವಳು ಸತ್ತ ಜಾಗದಲ್ಲಿ ದೀಪ ಹಚ್ಚಿ ಒಂದು ಲೋಟ ನೀರಿಟ್ಟರು. ಮರುದಿನ ಆ ನೀರನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ, ಗಿಡಕ್ಕೇ ಹಾಕಬೇಕು. ಶಕುಂತಲಾ ನನಗೆ ಹಾಕಿದಳು. ಲೋಟದ ನೀರು ಒಂದು ಗುಟುಕು ತಗ್ಗಿದ್ದನ್ನು ಅವಳೂ ಕಂಡಳು, ನಾನೂ ಕಂಡೆ. ಬಿಸಿಲಿಗೆ ಆರಿರಬೇಕು ಎಂದುಕೊಂಡೆ. ಕರ್ಮ ಮುಗಿದು ದೀಪ ಎತ್ತಿದ ಮೇಲೂ ಅವಳು ನೀರು ಇಟ್ಟು ನನಗೆ ಹಾಕುವುದನ್ನು ಬಿಡಲಿಲ್ಲ.

ಆಗ ಶುರುವಾಯಿತು. ನನ್ನ ಹೊಟ್ಟೆ ತುಂಬಿತ್ತು. ಆದರೂ ಜಾಡಿಯೊಳಗೆ ಯಾರಿಗೋ ನೀರಡಿಕೆ. ನನ್ನದಲ್ಲದ ಬಾಯೊಂದು ನನ್ನ ಬೇರುಗಳನ್ನು ಹಿಡಿದು ಚೀಪುತ್ತಿತ್ತು. ಬೇರುಗಳು ಕಪ್ಪಾದವು, ಮೆತ್ತಗಾದವು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ನಾರತೊಡಗಿದೆ. ಎಲೆಗಳು ಹಳದಿಯಾಗಿ ಜೋತುಬಿದ್ದವು. ಶಕುಂತಲಾ ಅದನ್ನೂ ಬಾಯಾರಿಕೆ ಎಂದೇ ತಿಳಿದಳು. ಪ್ರತಿ ಮಧ್ಯಾಹ್ನ ತಂಬಿಗೆ ತಂದು ಸುರಿದು, ಬಾಗಿ ಕೇಳುವಳು: "ಇನ್ನೂ ನೀರಡಿಕಿ ಹೋಗಿಲ್ಲೇನ್ರಿ ಅತ್ತಿ?"

ನನಗೆ ಭಯವಾಗುತ್ತಿತ್ತು. ಅವಳು ಕೇಳುತ್ತಿದ್ದುದು ನನ್ನನ್ನಲ್ಲ.

ತವರಿಗೆ ಬಂದ ನೀಲವ್ವನ ಮಗಳು ಸರಸ್ವತಿ, ಮೂಗು ಮುಚ್ಚಿಕೊಂಡು ಜಾಡಿಯನ್ನು ಬೋರಲು ಹಾಕಿದಳು. ಕಪ್ಪು ನೀರು ಹರಿಯಿತು.

"ವೈನಿ, ಇದಕ್ಕ ತೂತನ ಇಲ್ಲ! ನೀರ ಹಾಕಿ ಹಾಕಿ ಕೊಂದೀರಿ."

"ಅತ್ತಿಯವರಿಗೆ ನೀರ ಕೊಡದ ಕೊಂದೆ, ಇದಕ್ಕ ಕೊಟ್ಟ ಕೊಂದೆ" ಎಂದು ಶಕುಂತಲಾ ಅಲ್ಲೇ ಕುಸಿದಳು.

"ಹುಚ್ಚರಂಗ ಮಾತಾಡಬ್ಯಾಡ್ರಿ. ನೀರ ಕೊಟ್ಟಿದ್ರ ಅವ್ವ ಇನ್ನೂ ಲಗೂನ ಹೋಗ್ತಿದ್ಲು."

ಸರಸ್ವತಿ ನನ್ನ ಬೇರು ತೊಳೆದು, ಕೊಳೆತದ್ದನ್ನೆಲ್ಲ ಕತ್ತರಿಸಿ ಎಸೆದಳು. ಗಟ್ಟಿಯಾಗಿದ್ದ ಒಂದು ಗೇಣು ಕಾಂಡವಷ್ಟೇ ಉಳಿಯಿತು. ಗಾಯಕ್ಕೆ ಅರಿಶಿನ ಮೆತ್ತಿ, ನೆರಳಲ್ಲಿ ಆರಿಸಿ, ತೂತಿದ್ದ ಮಣ್ಣಿನ ಕುಂಡದಲ್ಲಿ ಉಸುಕು ಬೆರೆಸಿದ ಮಣ್ಣು ತುಂಬಿ ನೆಟ್ಟಳು. "ಮಣ್ಣ ಒಣಗೋತನಕ ಇದಕ್ಕ ನೀರ ಮುಟ್ಟಸಬ್ಯಾಡ್ರಿ" ಎಂದು ಶಕುಂತಲಾಳಿಂದ ಮಾತು ತೆಗೆದುಕೊಂಡು ಊರಿಗೆ ಹೋದಳು.

ಮರುದಿನ ಮಧ್ಯಾಹ್ನ ಶಕುಂತಲಾ ತಂಬಿಗೆ ಹಿಡಿದು ಬಂದಳು. ಬಗ್ಗಿಸಿದ ಕೈ, ಕೊಟ್ಟ ಮಾತು ನೆನಪಾಗಿ ನಿಂತಿತು. ಏನು ತೋಚಿತೋ, ತಂಬಿಗೆಯನ್ನು ತನ್ನ ಬಾಯಿಗೇ ಎತ್ತಿ ಗಟಗಟನೆ ಕುಡಿದಳು. ಖಾಲಿ ಮಂಚದ ಮೇಲೆ ಯಾರೋ ಹಾ ಎಂದು ಉಸಿರು ಬಿಟ್ಟರು.

ಶಕುಂತಲಾ ಹೆದರಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. "ಇನ್ನಷ್ಟ ಬೇಕೇನ್ರಿ ಅತ್ತಿ?" ಎಂದು ಕೇಳಿ, ಮತ್ತೆ ತುಂಬಿಕೊಂಡು ಬಂದಳು.

ನಾನೀಗ ಮತ್ತೆ ಮೊದಲಿನ ಗಿಡ. ಬೇರು ಹಗುರಾಗಿದೆ, ಕುಂಡದಲ್ಲಿ ನನ್ನ ಹೊರತು ಯಾರೂ ಇಲ್ಲ. ಬದುಕಿ ಉಳಿದದ್ದಕ್ಕೆ ಸಂತೋಷಪಡಬೇಕು. ಆದರೆ ದಿನವೂ ಮಧ್ಯಾಹ್ನ ಶಕುಂತಲಾ ಮಂಚದ ಎದುರು ಕುಳಿತು ತಂಬಿಗೆ ಮೇಲೆ ತಂಬಿಗೆ ಕುಡಿಯುತ್ತಾಳೆ. ಅವಳ ಪಾದಗಳು ಊದಿವೆ, ಮುಖಕ್ಕೆ ಹಳದಿ ಇಳಿದಿದೆ. ಆ ಹಳದಿ ನನಗೆ ಚೆನ್ನಾಗಿ ಗೊತ್ತು. ಕೂಗಿ ಹೇಳಲು ನನಗೆ ಬಾಯಿಲ್ಲ.